ಕೆಂಪು ವೈನೂ ಸಾಲದ ಕಂತೂ

ಅಥಣಿ ಕಡೆಯವನು ಅಂದರೆ ಸಾಕು, ‘ನೀವ್ಯಾಕೆ ವೈನ್ ದ್ರಾಕ್ಷಿ ಬೆಳೆಯಲ್ಲ?’ ಅಂತ ಆಫೀಸಿನಲ್ಲಿ ಕೇಳ್ತಾರೆ. 2007ರಲ್ಲೇ ರಾಜ್ಯಕ್ಕೆ ವೈನ್ ನೀತಿ ಬಂದಿದೆ. ನಂದಿ ಬೆಟ್ಟದ ಕಡೆಯ ಗ್ರೋವರ್ ‘ಲಾ ರಿಸರ್ವ್’ ಹೆಸರು ಮಾಡಿದೆ.

ಆದರೆ ಒಳ್ಳೆಯ ಕೆಂಪು ವೈನ್ ಅವಸರದ ಸರಕಲ್ಲ. ಕ್ಯಾಬರ್ನೆ, ಶಿರಾಜ್ ಹಣ್ಣು ಸಿಪ್ಪೆಯೊಂದಿಗೇ ಹುಳಿಯಬೇಕು. ಬಣ್ಣ, ಒಗರು ಬರೋದು ಅಲ್ಲಿಂದ. ಆ ಒಗರು ಮೆತ್ತಗಾಗಲು ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ಬಾಟಲಿಯಲ್ಲಿ ಮತ್ತೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ದಿನ ವೈನರಿಯ ದುಡ್ಡೂ ಅದರೊಳಗೇ. ಅದು ಖರೀದಿ ನಿಲ್ಲಿಸಿದರೆ ಬೀಜದ ಆ ಸಣ್ಣ ಹಣ್ಣಿಗೆ ಬೇರೆ ಗಿರಾಕಿಯಿಲ್ಲ.

ನಮ್ಮ ಥಾಮ್ಸನ್ ಹಾಗಲ್ಲ. ಹಸಿಯಾಗಿ ಹೋಗದಿದ್ದರೆ ಶೆಡ್ಡಿನ ನೆರಳಲ್ಲಿ ಸುಮಾರು 15 ದಿನಕ್ಕೆ ಒಣದ್ರಾಕ್ಷಿ.

‘ವೈನ್ ಕಾಯ್ತದ ತಮ್ಮಾ, ಸಾಲ ಕಾಯಂಗಿಲ್ಲ’ ಅಂತಾರೆ ಅಪ್ಪ. ಖರೀದಿಯ ಖಾತ್ರಿ ಸಿಕ್ಕರೆ ಅವರೂ ಒಂದೆಕರೆ ಹಚ್ಚಿಯಾರು.