ಅಮ್ಮನ ಸೀರೆಗೆ ಗಂಜಿ

ಕನ್ನಡದಲ್ಲಿ ಹಸಿದಾಗ ಕುಡಿಯುವುದೂ ಗಂಜಿಯೇ, ಬಟ್ಟೆಗೆ ಹಾಕುವುದೂ ಗಂಜಿಯೇ. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅನ್ನ ಬಸಿದ ತಿಳಿಗೆ ಹಕ್ಕುದಾರರು ಹಲವರಿದ್ದರು. ಮೊದಲ ಪಾಲು ಉಪ್ಪು ಬೆರೆಸಿ ಮಕ್ಕಳಿಗೆ, ಎರಡನೆಯದು ಕೊಟ್ಟಿಗೆಯ ದನಗಳಿಗೆ. ಉಳಿದರೆ ಮಾತ್ರ ತಂದೆಯವರ ಪಂಚೆಗೆ. ಅಕ್ಕಿ ತುಟ್ಟಿಯಾದ ವರ್ಷ ಪಂಚೆ ಮೆತ್ತಗಾಗಿರುತ್ತಿತ್ತು. ನಮ್ಮ ಮನೆಯ ಸ್ಥಿತಿಯನ್ನು ಊರಿನವರು ಅದನ್ನು ನೋಡಿಯೇ ಹೇಳಬಹುದಾಗಿತ್ತು.

ಈಗ ಈ ವಿಷಯ ಬರೆಯಲು ಕಾರಣವಿದೆ. ಅಮ್ಮ ತೀರಿಕೊಂಡು ವರ್ಷ ಕಳೆಯಿತು. ಅವಳ ಆರು ನೂಲಿನ ಸೀರೆಗಳು ಪೆಟ್ಟಿಗೆಯಲ್ಲಿವೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಅವುಗಳಿಂದ ಅಲ್ಲಿಯ ರೀತಿಯ ಕ್ವಿಲ್ಟ್ ಹೊಲಿದು ತನ್ನ ಮಗುವಿಗೆ ಹೊದಿಸಬೇಕೆಂದಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: "ದೊಡ್ಡಮ್ಮ, ಕತ್ತರಿಸುವ ಮೊದಲು ಬಟ್ಟೆಗೆ ಗಂಜಿ ಹಾಕಬೇಕು ಎನ್ನುತ್ತಾರೆ. ಗಂಜಿ ಹಾಕಿದರೆ ಕೊನೆಗೆ ತೊಳೆಯಲೇಬೇಕು. ಆಗ ಅಜ್ಜಿಯ ವಾಸನೆ ಹೋಗಿಬಿಡುವುದಿಲ್ಲವೇ?" ಆ ಸೀರೆಗಳ ಮೇಲೆ ನಮ್ಮೆಲ್ಲರಿಗೂ ಮಮತೆಯಿರುವುದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಗಂಜಿ ಏಕೆ ಬೇಕು? ಮಗ್ಗದಲ್ಲಿ ಎಳೆ ಹರಿಯದಿರಲೆಂದು ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡುತ್ತಾರೆ. ಹೊಸ ಸೀರೆಯ ಬಿಗುವಿಗೆ ಅದೂ ಒಂದು ಕಾರಣ. ನೂರಾರು ಸಲ ಒಗೆದ ಸೀರೆಯಲ್ಲಿ ಅದು ಉಳಿದಿರುವುದಿಲ್ಲ. ಅಂತಹ ಮೆದುವಾದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಕೈ ತಾಗಿದಷ್ಟಕ್ಕೇ ಜಗ್ಗುತ್ತದೆ. ಕ್ವಿಲ್ಟಿನಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಸಾಲಿನಲ್ಲಿ 12 ತುಂಡುಗಳಿದ್ದರೆ ನಡುವೆ 11 ಹೊಲಿಗೆಗಳು. ಪ್ರತಿ ಹೊಲಿಗೆಯಲ್ಲಿ ಎರಡೂ ತುಂಡುಗಳಿಂದ 1 ಮಿಲಿಮೀಟರ್ ಹೆಚ್ಚು ಒಳಗೆ ಹೋದರೂ ಸಾಲು 22 ಮಿಲಿಮೀಟರ್ ಗಿಡ್ಡವಾಗುತ್ತದೆ. ಪಕ್ಕದ ಸಾಲು ಹೇಗೆ ಕೂಡೀತು?

ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಹತ್ತಿಯ ಸೆಲ್ಯುಲೋಸ್ ಮತ್ತು ಅಕ್ಕಿಯ ಪಿಷ್ಟ ಎರಡೂ ಗ್ಲೂಕೋಸಿನ ಸರಪಳಿಗಳೇ. ಬಿಸಿನೀರಿನಲ್ಲಿ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಆ ಅಂಟು ಒಣಗಿದಾಗ ಎಳೆಗಳನ್ನು ಹಿಡಿದು ನಿಲ್ಲಿಸುತ್ತದೆ. ಹತ್ತಿಯೊಡನೆ ಅದಕ್ಕಿರುವ ನಂಟು ಪಾಲಿಯೆಸ್ಟರಿನೊಡನೆ ಇಲ್ಲ. ಆದರೆ ಗಂಜಿ ಬಿಗುವನ್ನು ಕೊಡುತ್ತದೆಯೇ ಹೊರತು ಸವೆದ ನೂಲಿಗೆ ಶಕ್ತಿಯನ್ನು ಕೊಡುವುದಿಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು, ಜಾಳಾದ ಭಾಗವನ್ನು ಮೊದಲೇ ಬಿಟ್ಟುಬಿಡಬೇಕು.

ಕ್ರಮ ಹೀಗೆ. ಮೊದಲು ತೊಳೆದು ಒಣಗಿಸುವುದು. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಹೊಯ್ದು ತಿರುವುವುದು; ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟಾಗುತ್ತದೆ. ಸೋಸಿ, ಆರಿದ ಮೇಲೆ ಬಟ್ಟೆಗೆ ಸಿಂಪಡಿಸಿ, ಹೀರಿಕೊಳ್ಳಲು ಸ್ವಲ್ಪ ಹೊತ್ತು ಬಿಡಬೇಕು. ತಕ್ಷಣ ಇಸ್ತ್ರಿ ಮಾಡಿದರೆ ಗಾಢ ಬಣ್ಣದ ಮೇಲೆ ಬಿಳಿಯ ಹೊಪ್ಪಳೆ ಏಳುತ್ತದೆ. ಇಸ್ತ್ರಿಯನ್ನು ಎಳೆಯದೆ, ಎತ್ತಿ ಎತ್ತಿ ಒತ್ತಬೇಕು. ಇದೆಲ್ಲ ಕತ್ತರಿಸುವ ಮೊದಲೇ ಆಗಬೇಕು. ಕತ್ತರಿಸಿದ ತುಂಡನ್ನು ತೇವ ಮಾಡಿದರೆ ಅಳತೆ ಕೆಡುತ್ತದೆ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕವಂದಿಗೆ ಈ ಲೆಕ್ಕಾಚಾರ ಬೇಕಿಲ್ಲ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಮೂಲೆಯಿಂದ ಹೊರಟು, ತುಂಡುಗಳ ಅಂಚನ್ನು ಮಡಚುತ್ತ, ಕೈಹೊಲಿಗೆಯಲ್ಲಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫೂಲ’ ಎಂಬ ಬಟ್ಟೆಯ ಹೂವನ್ನಿಡುತ್ತಾರೆ. ಬಟ್ಟೆ ಎಷ್ಟಿದೆಯೋ ತುಂಡು ಅಷ್ಟು. ಅವರಿಗೆ ಮೆದುತನವೇ ಅನುಕೂಲ, ಸೂಜಿ ಸಲೀಸಾಗಿ ಇಳಿಯುತ್ತದೆ. ಗಂಜಿಯ ಗೊಡವೆ ಬೇಡವೆನಿಸಿದರೆ ಮಗಳು ಈ ದಾರಿಯನ್ನೂ ಹಿಡಿಯಬಹುದು. ಅಲ್ಲಿಯೂ ತೊಳೆಯುವುದಂತೂ ತಪ್ಪದು.

ಹೊಲಿದಾದ ಮೇಲೆ ಗಂಜಿಯನ್ನು ತೆಗೆಯಲೇಬೇಕು. ಪಿಷ್ಟವೆಂದರೆ ಬೆಳ್ಳಿಹುಳಕ್ಕೆ ಆಹಾರ. ಗಂಜಿ ಸಹಿತ ಮಡಿಸಿಟ್ಟರೆ ಅದು ಬಟ್ಟೆಯನ್ನೂ ತಿನ್ನುತ್ತದೆ. ಕೊನೆಯ ನೀರನ್ನು ಒಂದು ಬಟ್ಟಲಿಗೆ ತೆಗೆದು ಅಯೋಡಿನ್ನಿನ ಒಂದು ಹನಿ ಬಿಟ್ಟು ನೋಡಬಹುದು. ನೀಲಿಗಪ್ಪಾದರೆ ಇನ್ನೊಮ್ಮೆ ಜಾಲಾಡಬೇಕು. ಅಯೋಡಿನ್ನನ್ನು ಬಟ್ಟೆಗೆ ಮಾತ್ರ ತಾಗಿಸಕೂಡದು.

ಇನ್ನು ವಾಸನೆಯ ಮಾತು. ಮಗಳೇ, ನಾನೂ ಆ ಪೆಟ್ಟಿಗೆಯನ್ನು ತೆರೆದು ನಿಂತದ್ದುಂಟು. ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ಸ್ವಲ್ಪ ಕರ್ಪೂರ. ಆದರೆ ಅಮ್ಮ ಬದುಕಿದ್ದಾಗ ಉಟ್ಟ ಸೀರೆಯನ್ನು ಮರುದಿನವೇ ಕಲ್ಲಿಗೆ ಬಡಿದು ಆ ವಾಸನೆಯನ್ನು ತಾನೇ ಕಳೆಯುತ್ತಿದ್ದಳು. ಮುಟ್ಟದೆ ಇಟ್ಟರೂ ಕೆಲವು ವರ್ಷಗಳಲ್ಲಿ ಅದು ಹೋಗುತ್ತದೆ, ಉಳಿಯುವುದು ಬಟ್ಟೆ. ಅಂಚು ಹರಿದ ಹಸಿರು ಸೀರೆಯೊಂದನ್ನು ಇಲ್ಲಿಯೇ ಬಿಡು, ನಿನ್ನ ತಾಯಿಗೂ ನನಗೂ ಅದು ಸಾಕು. ಉಳಿದ ಐದಕ್ಕೆ ಧೈರ್ಯವಾಗಿ ಗಂಜಿ ಹಾಕು, ಕತ್ತರಿಸು. ಹೊಲಿದದ್ದನ್ನು ಕಪಾಟಿನಲ್ಲಿಡಬೇಡ. ಮಗು ಅದರ ಮೇಲೆ ಹಾಲು ಚೆಲ್ಲಲಿ, ನೀನು ಒಗೆಯುತ್ತಿರು. ಒಗೆದಷ್ಟೂ ಅದು ಮೆತ್ತಗಾಗುತ್ತದೆ.