ರಾತ್ರಿ ಪಾಳಿಯವನ ಸಕ್ಕರೆ ಲೆಕ್ಕ

ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ನನ್ನ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಬಂತು. 6.5 ಮುಟ್ಟಿದರೇ ಮಧುಮೇಹ. ವಿಜಯಪುರಕ್ಕೆ ಫೋನ್ ಮಾಡಿ ಹೇಳಿದರೆ ಅವ್ವ ನಂಬಲೇ ಇಲ್ಲ. “ನಿನ್ನ ಮೈಯಾಗ ಮಾಂಸರೇ ಎಲ್ಲೈತೋ? ದಪ್ಪ ಇದ್ದವರಿಗೆ ಬರೂದು ಸಕ್ಕರಿ ಬ್ಯಾನಿ!”

ಅದಕ್ಕೆ ಉತ್ತರ ನಾನಿರುವ ಪುಣೆಯಲ್ಲೇ ಇತ್ತು. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೂ ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅವರದೂ ಜೋಡಿ ಫೋಟೊ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್‌ರಿಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು; ಇದು ನಮ್ಮವರ ಮೈಕಟ್ಟು. ನನ್ನ ಡಾಕ್ಟರೂ ತೂಕದ ಗೊಡವೆಗೆ ಹೋಗದೆ ಸೊಂಟಕ್ಕೆ ಟೇಪು ಸುತ್ತಿದರು.

ನಾನು ದುಡಿಯುವ ಮಗರಪಟ್ಟಾ ಅಂದರೆ ಮಗರ ಮನೆತನದ ರೈತರು ಸುಮಾರು 400 ಎಕರೆ ಹೊಲ ಒಟ್ಟುಗೂಡಿಸಿ ಕಟ್ಟಿದ ಊರು. ನಡೆಯಲು ಮರದ ನೆರಳಿನ ದಾರಿಗಳಿವೆ. ಆದರೆ ಅಮೆರಿಕದ ಗಡಿಯಾರಕ್ಕೆ ದುಡಿಯುವವನು ಅಲ್ಲಿ ನಡೆಯುವುದು ಯಾವಾಗ? ಬೆಳಗಿನ ಜಾವ ಕ್ಯಾಬ್ ಮನೆಗೆ ಬಿಡುತ್ತದೆ, ಮಧ್ಯಾಹ್ನ ಏಳುತ್ತೇನೆ. ಡಯಟ್ ಚೀಟಿಯಲ್ಲಿ ‘ಬೆಳಗಿನ ತಿಂಡಿ, ಎಂಟರೊಳಗೆ ರಾತ್ರಿ ಊಟ’ ಎಂದಿತ್ತು. ನನ್ನ ದೊಡ್ಡ ಊಟವೇ ನಡುರಾತ್ರಿ ಕ್ಯಾಂಟೀನಿನಲ್ಲಿ. ಕೊನೆಗೆ ಡಾಕ್ಟರು ಚೀಟಿ ಪಕ್ಕಕ್ಕಿಟ್ಟು ಮೆಟ್‌ಫಾರ್ಮಿನ್ ಗುಳಿಗೆಯನ್ನು ಆ ಊಟಕ್ಕೇ ಕಟ್ಟಿದರು. ಮೊದಮೊದಲು ಹೊಟ್ಟೆ ಎಷ್ಟು ಕೆಟ್ಟಿತೆಂದರೆ ಮೀಟಿಂಗಿನ ನಡುವೆ ಎದ್ದು ಓಡಬೇಕಾಗುತ್ತಿತ್ತು. ನಿಧಾನವಾಗಿ ಕರಗುವ ಗುಳಿಗೆ ಕೊಟ್ಟ ಮೇಲೆ ತಡೆಯಿತು.

ಗ್ಲುಕೋಮೀಟರ್ ಕಲಿಸಿದ್ದು ಹೆಚ್ಚು. ಬೆರಳ ತುದಿಗೆ ಚುಚ್ಚಬಾರದು, ಪಕ್ಕಕ್ಕೆ ಚುಚ್ಚಬೇಕು. ಇಲ್ಲದಿದ್ದರೆ ಕೀಬೋರ್ಡ್ ಮುಟ್ಟಿದಾಗೆಲ್ಲ ಚುರ್ ಅನ್ನುತ್ತದೆ. ಕೈ ತೊಳೆದೇ ಚುಚ್ಚಬೇಕು. ಮಾವಿನ ಹಣ್ಣಿನ ರಸ ಬೆರಳಿಗಂಟಿದ್ದರೆ ಮೀಟರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆಷಾಢ ಏಕಾದಶಿಗೆ ಕ್ಯಾಂಟೀನಿನಲ್ಲಿ ಸಾಬೂದಾಣಿ ಖಿಚಡಿ ಮಾಡಿದ್ದರು. ಉಪವಾಸದ ತಿನಿಸು, ಹಗುರ ಅಂತಾರೆ. ಎರಡು ತಾಸಿನ ಮೇಲೆ ನೋಡಿದರೆ 251! ಸಾಬೂದಾಣಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ.

ಜೋಳದ ಬಗ್ಗೆಯೂ ನಮ್ಮ ಕಡೆ ಒಂದು ಹಮ್ಮಿದೆ, ರೊಟ್ಟಿ ತಿನ್ನುವವರಿಗೆ ಸಕ್ಕರೆ ಏರುವುದಿಲ್ಲ ಅಂತ. ಅವ್ವ ಕಳಿಸಿದ ಕಡಕ್ ರೊಟ್ಟಿಯನ್ನು ಹಪ್ಪಳದಂತೆ ಮುರಿಯುತ್ತ ಕೂತರೆ ಎಷ್ಟು ಹೊಟ್ಟೆಗಿಳಿದವು ಗೊತ್ತೇ ಆಗದು, ಮೀಟರಿಗೆ ಗೊತ್ತಾಗುತ್ತದೆ. ಈಗ ಒಂದೇ ರೊಟ್ಟಿ, ತಾಟಿನ ತುಂಬ ಮೆಂತ್ಯೆ ಪಲ್ಯ, ಮಡಕಿಕಾಳು. ಪುಣೆಯಲ್ಲಿ ಮಡಕಿಗೆ ಬರವಿಲ್ಲ. ಮಿಸಳ್‌ನಲ್ಲಿ ಪಾವ್, ಫರಸಾಣ ಬೇಡವೆಂದರೆ ಉಳಿಯುವುದು ಅದೇ. ಅಂಗಡಿಯವ ಮಾತ್ರ ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ. ಉಂಡ ಮೇಲೆ ಆಫೀಸಿನ ಕಾರಿಡಾರಿನಲ್ಲೇ ಹದಿನೈದು ನಿಮಿಷ ಓಡಾಡುತ್ತೇನೆ.

ಊಟಕ್ಕಿಂತ ಕಷ್ಟ ಒತ್ತಾಯದ್ದು. ಗಣಪತಿ ಹಬ್ಬದಲ್ಲಿ ಪಕ್ಕದ ಮನೆಯ ಕಾಕು ಮೋದಕ ಹಿಡಿದು ನಿಂತರೆ ಬೇಡ ಅನ್ನುವುದು ಹೇಗೆ? ಅರ್ಧ ತಗೊಂಡೆ, ಅವತ್ತು ರೊಟ್ಟಿ ಬಿಟ್ಟೆ. “ಒಂದು ಗುಳಿಗೆ ಜಾಸ್ತಿ ನುಂಗಿದರಾಯ್ತು” ಅನ್ನುವ ಸಹೋದ್ಯೋಗಿಗಳಿಗೆ ಮಾತ್ರ ನಾನು ಸಿಟ್ಟಾಗಿಯೇ ಉತ್ತರಿಸುತ್ತೇನೆ.

ಈಚಿನ ಎಚ್‌ಬಿಎ1ಸಿ 7.1. ಗುಳಿಗೆ ನಿಂತಿಲ್ಲ. ಹಗಲು ಪಾಳಿ ಕೊಡಿ ಎಂಬ ನನ್ನ ಅರ್ಜಿಗೆ, ಡಾಕ್ಟರ ಪತ್ರ ಲಗತ್ತಿಸಿದ್ದರೂ, ಉತ್ತರ ಬಂದಿಲ್ಲ.