ಒಡೆದ ಕಪಾಲದ ಕುರುಹುಗಳು

ಸಂಸ್ಕೃತದಲ್ಲಿ ಕಪಾಲವೆಂಬ ಶಬ್ದಕ್ಕೆ ತಲೆಬುರುಡೆಯೆಂದೂ ಮಡಕೆಯ ಚೂರೆಂದೂ ಎರಡು ಅರ್ಥಗಳುಂಟು. ಈ ಹೋಲಿಕೆಯು ಬರಿಯ ಮಾತಿನದಲ್ಲ. ಮಡಕೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ ಕಣ್ಣಿಗೆ ಕಾಣದು. ತಳದಲ್ಲಿ ನೀರು ಜಿನುಗಿದಾಗಲೇ ಗೃಹಿಣಿಗೆ ತಿಳಿಯುವುದು. ತಲೆಬುರುಡೆಯ ತಳದ ಬಿರುಕೂ ಹಾಗೆಯೇ. ಪೆಟ್ಟು ಬಿದ್ದ ಎಡೆ ಒಂದು, ಕುರುಹು ತೋರುವ ಎಡೆ ಮತ್ತೊಂದು.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಬಾಲಕನೊಬ್ಬನು ಅಟ್ಟದ ಏಣಿಯಿಂದ ಜಾರಿ ಬಿದ್ದನು. ನಾನು ಹೋಗುವಷ್ಟರಲ್ಲಿ ಎದ್ದು ಕುಳಿತು ಮಾತನಾಡುತ್ತಿದ್ದನು. "ಒಂದು ತೊಟ್ಟು ರಕ್ತ ಬಂದಿಲ್ಲ ಮೇಷ್ಟ್ರೇ, ದೇವರು ದೊಡ್ಡವನು" ಎಂದು ಅವನ ಅಜ್ಜಿ ಕೈಮುಗಿದರು. ಆದರೆ ಬಲಗಿವಿಯಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದಿತು. ಆಕೆ ಹತ್ತಿಯನ್ನು ತುರುಕಲು ಹೊರಟರು. ಶಾಲೆಯ ಸ್ಕೌಟ್ ದಳದ ಹೊಣೆ ಹೊತ್ತಿದ್ದವನಾದುದರಿಂದ ಪ್ರಥಮಚಿಕಿತ್ಸೆಯ ಪಾಠ ನನಗೆ ನೆನಪಿದ್ದಿತು. "ಬೇಡಿರಮ್ಮ, ಅದು ಬರಿಯ ನೀರಲ್ಲ" ಎಂದು ತಡೆದು 108ಕ್ಕೆ ಕರೆ ಮಾಡಿಸಿದೆನು. ಅದು ಮೆದುಳನ್ನು ಸುತ್ತಿರುವ ದ್ರವ. ಬುರುಡೆಯ ತಳದಲ್ಲಿ ಬಿರುಕಿದ್ದಿತು. ಬಾಲಕನು ಉಳಿದನು, ಆ ಕಿವಿ ಮಾತ್ರ ಇಂದಿಗೂ ಮಂದ.

ಮೂಗಿನಿಂದಲೂ ಇಂಥ ದ್ರವ ಇಳಿಯಬಹುದು. ಎರಡು ಕಣ್ಣುಗಳ ಸುತ್ತಲೂ ಕಪ್ಪಾಗುವುದು, ಕಿವಿಯ ಹಿಂಬದಿಯ ಎಲುಬಿನ ಮೇಲೆ ನೀಲಿಗಟ್ಟುವುದು ಬೇರೆ ಕುರುಹುಗಳು. ಇವು ಕೂಡಲೇ ಮೂಡದೆ ಒಂದೆರಡು ದಿನ ತಡೆದೂ ಕಾಣಿಸಬಹುದು. ಕಿವಿಯ ಹಿಂದಿನ ಕಲೆಯನ್ನು 1890ರಲ್ಲಿ ವಿವರಿಸಿದ ಆಂಗ್ಲ ಶಸ್ತ್ರವೈದ್ಯ ವಿಲಿಯಂ ಹೆನ್ರಿ ಬ್ಯಾಟಲ್ ಅವರ ಹೆಸರೇ ಆ ಕುರುಹಿಗೆ ನಿಂತಿದೆ. ಕ್ಷ-ಕಿರಣವು ಪತ್ತೆಯಾದುದು 1895ರಲ್ಲಿ. ಅದಕ್ಕೆ ಮುನ್ನ ವೈದ್ಯನಿಗೆ ಕಣ್ಣು ಕೈಗಳೇ ಸಾಧನ. ಇಂದು ಸಿ.ಟಿ. ಸ್ಕ್ಯಾನ್ ಬಿರುಕನ್ನೂ ಒಳಗಿನ ರಕ್ತಸ್ರಾವವನ್ನೂ ತೋರಿಸುತ್ತದೆ. ಆದರೆ ಆಸ್ಪತ್ರೆಗೆ ಹೊರಡಬೇಕೆಂಬ ನಿಶ್ಚಯವನ್ನು ಇಂದಿಗೂ ಮನೆಯವರ ಕಣ್ಣೇ ಮಾಡಬೇಕು.

ಕಣತಲೆಯ ಎಲುಬು ತೆಳುವಾದುದು. ಅದರ ಒಳಮೈಗೆ ಅಂಟಿಕೊಂಡು ರಕ್ತನಾಳವೊಂದು ಸಾಗುತ್ತದೆ. ಎಲುಬು ಒಡೆದು ಅದು ಹರಿದರೆ, ರೋಗಿಯು ಕೆಲವು ಗಂಟೆಗಳ ಕಾಲ ಚೆನ್ನಾಗಿಯೇ ಇದ್ದು ಅನಂತರ ಮಂಕಾಗಬಹುದು. ಪುನಃ ಪುನಃ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು, ಸೆಳವು, ಕಣ್ಣಿನ ಪಾಪೆಗಳು ಒಂದು ಹಿರಿದು ಒಂದು ಕಿರಿದಾಗುವುದು, ಎಬ್ಬಿಸಿದರೂ ಏಳದ ನಿದ್ರೆ—ಇವುಗಳಲ್ಲಿ ಒಂದು ಕಂಡರೂ ತಡಮಾಡಲಾಗದು.

ಕಿವಿ ಮೂಗುಗಳಿಗೆ ಹತ್ತಿ ತುರುಕಬಾರದು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಒಡ್ಡಿದರೆ ಸಾಕು. ಮೂಗನ್ನು ಸೀನಿಸಬಾರದು. ತಗ್ಗಿದ ಎಲುಬನ್ನು ಒತ್ತಬಾರದು. ಕುತ್ತಿಗೆಯನ್ನು ತಿರುಗಿಸದೆ, ತಿನ್ನಲು ಕುಡಿಯಲು ಏನೂ ಕೊಡದೆ ವಾಹನಕ್ಕಾಗಿ ಕಾಯಬೇಕು.

ತಲೆಗೆ ಪೆಟ್ಟಾದಾಗ ನಾವೆಲ್ಲರೂ ಮೊದಲು ಕೇಳುವುದು, ರಕ್ತ ಬಂದಿತೇ ಎಂದು. ಆ ಪ್ರಶ್ನೆಯೊಂದೇ ಸಾಲದು. ಕಿವಿ, ಮೂಗು, ಕಣ್ಣು, ಮಾತು—ಈ ನಾಲ್ಕನ್ನೂ ನೋಡಬೇಕು. ಸಂದೇಹಪಟ್ಟು ಹೋದವರು ಏನೂ ಆಗಿಲ್ಲವೆಂಬ ಮಾತನ್ನು ಕೇಳಿ ಮರಳಿದರೆ, ಅದಕ್ಕಿಂತ ಲಾಭವಾದ ಪ್ರಯಾಣ ಬೇರೊಂದುಂಟೆ?